ಕ್ವಾರಿ ಕಂಪನಿಯವ್ರು "ಊರಿಗೆ ಏನ್ ಬೇಕೋ ಕೇಳಿ" ಅಂದ್ರೆ ಏನು ಕೇಳೋದು? ಆರ್‌ಓ (ಶುದ್ಧ ಕುಡಿಯೋ ನೀರಿನ) ಪ್ಲಾಂಟಾ, ಕೆರೆ ಹೂಳಾ, ರೋಡಾ, ಕೆಲಸಾನಾ

ನಮ್ಮದು ಅರಸೀಕೆರೆ ತಾಲ್ಲೂಕು. ಊರಿಂದ ಎರಡು ಕಿಲೋಮೀಟರ್ ಆಚೆ ಗುಡ್ಡ, ಗುಡ್ಡದಲ್ಲಿ ಕಲ್ಲು ಕ್ವಾರಿ, ಅದರ ಬುಡದಲ್ಲೇ ಜಲ್ಲಿ ಕ್ರಷರ್, ಹನ್ನೊಂದು ವರ್ಷ ಆಯ್ತು. ನಾನು ಒಂದು ಅವಧಿ ಗ್ರಾಮ ಪಂಚಾಯ್ತಿ ಮೆಂಬರ್ ಆಗಿದ್ದೆ, ಈಗ ಸ್ಕೂಲ್ ಎಸ್‌ಡಿಎಂಸಿಲಿ, ಅಂದ್ರೆ ಶಾಲಾಭಿವೃದ್ಧಿ ಸಮಿತಿಲಿ ಇದೀನಿ, ಹಂಗಾಗಿ ಕಂಪನಿಯವ್ರ ಜೊತೆ ಕೂತು ಮಾತಾಡಿದ ಮೀಟಿಂಗ್‌ಗಳು ತುಂಬಾ ಆಗಿವೆ. ಹೋದ ತಿಂಗಳು ಚನ್ನರಾಯಪಟ್ಟಣದ ಕಡೆಯಿಂದ ನಮ್ಮ ನೆಂಟರೊಬ್ರು ಫೋನ್ ಮಾಡಿ, ಅವರೂರ ಹತ್ರ ಹೊಸದಾಗಿ ಗ್ರಾನೈಟ್ ಕ್ವಾರಿ ಬರ್ತಿದೆ, "ಊರಿಗೆ ಏನ್ ಬೇಕೋ ಕೇಳಿ ಅಂದವ್ರೆ, ಏನ್ ಕೇಳಣ ಹೇಳು" ಅಂದ್ರು. ಅರ್ಧ ಗಂಟೆ ಮಾತಾಡಿದ್ರೂ ಮುಗೀಲಿಲ್ಲ, ಅದಕ್ಕೆ ಬರೆದೇ ಹಾಕೋಣ ಅಂತ ಕೂತೆ. ಕಂಪನಿ ಕಡೆಯವ್ರು ಓದ್ತಿದ್ರೆ ನಿಮಗೂ ಇದು ಉಪಯೋಗಕ್ಕೆ ಬರತ್ತೆ, ಯಾಕಂದ್ರೆ ದುಡ್ಡು ಖರ್ಚು ಮಾಡಿನೂ ಊರಿನ ಪ್ರೀತಿ ಸಿಗದೇ ಇರೋ ಕಂಪನಿಗಳನ್ನ ನಾನು ನೋಡಿದೀನಿ.

ಮೊದಲು ಒಂದು ಗೆರೆ ಎಳ್ಕೊಳ್ಳಿ

ನಾವು ಮಾಡಿದ ಮೊದಲನೇ ತಪ್ಪು ಇದೇ. ಶುರುವಿನ ಮೀಟಿಂಗಲ್ಲಿ ಕಂಪನಿ ಮ್ಯಾನೇಜರ್ ಎದ್ದು ನಿಂತು, ದಿನಾ ಎರಡು ಟ್ಯಾಂಕರ್ ನೀರು ರೋಡಿಗೆ ಹೊಡಿಸ್ತೀವಿ, ಟಿಪ್ಪರ್‌ಗೆ ಟಾರ್ಪಾಲ್ ಹಾಕಿಸ್ತೀವಿ, ಗಿಡ ನೆಡಿಸ್ತೀವಿ ಅಂದ್ರು. ನಾವೆಲ್ಲ ಚಪ್ಪಾಳೆ ತಟ್ಟಿದ್ವಿ. ಆಮೇಲೆ ಎರಡು ವರ್ಷ ಆದ್ಮೇಲೆ ಪರಿಸರ ಅನುಮತಿ ಪತ್ರದ ಪ್ರತಿ ಕೈಗೆ ಸಿಕ್ತು, ಓದಿದ್ರೆ ಅದರಲ್ಲಿ ಇವೆಲ್ಲಾ ಷರತ್ತುಗಳೇ! ಧೂಳಿಗೆ ನೀರು ಹೊಡಿಯೋದು, ಲೋಡ್ ಮುಚ್ಚೋದು, ಸುತ್ತ ಹಸಿರು ಪಟ್ಟಿ ಬೆಳೆಸೋದು, ಬ್ಲಾಸ್ಟಿಂಗ್‌ಗೆ ಟೈಮ್ ಇಟ್ಕೊಂಡು ಸೈರನ್ ಹಾಕೋದು, ಇವು ಸಹಾಯ ಅಲ್ಲ ಕಣ್ರೀ, ಅವರು ಮಾಡಲೇಬೇಕಾದ ಕೆಲಸ. ನಾವು ಅದನ್ನೇ ಉಪಕಾರ ಅಂತ ಲೆಕ್ಕ ಹಾಕ್ಕೊಂಡು ಎರಡು ವರ್ಷ ಬೇರೇನೂ ಕೇಳಲಿಲ್ಲ.

ಸಿಎಸ್‌ಆರ್, ಅಂದ್ರೆ ಕಂಪನಿಗಳು ಲಾಭದಲ್ಲಿ ಒಂದು ಪಾಲನ್ನ ಸಮಾಜಕ್ಕೆ ಖರ್ಚು ಮಾಡೋದು, ಅದರ ರೂಲ್ಸಲ್ಲೂ ಇದೇ ಇದೆ, ಕಾನೂನು ಪ್ರಕಾರ ಮಾಡಲೇಬೇಕಾಗಿರೋದನ್ನ ಸಿಎಸ್‌ಆರ್ ಖರ್ಚು ಅಂತ ತೋರಿಸೋ ಹಾಗಿಲ್ಲ.

ನಮ್ಮ ಕಡೆ ಉಂಡೆ ಕೊಬ್ಬರಿ ಮಾಡ್ತಾರೆ ಗೊತ್ತಲ್ಲ, ತೆಂಗಿನಕಾಯಿನ ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಇಟ್ಟು, ಒಳಗೆ ಕೊಬ್ಬರಿ ಬಿಟ್ಕೊಂಡು ಕಾಯಿ ಅಲ್ಲಾಡಿಸಿದ್ರೆ ಗಡಗಡ ಅನ್ನೋ ತನಕ ಕಾಯ್ಬೇಕು. ನಮ್ಮ ದೊಡ್ಡಪ್ಪನ ಮನೆ ಹಳೇ ಹೆಂಚಿನ ಮನೆ. ಒಂದಿನ ಮಧ್ಯಾಹ್ನ ಸೈರನ್ನೂ ಇಲ್ಲದೆ ಬ್ಲಾಸ್ಟ್ ಆಯ್ತು, ಅಟ್ಟದ ಒಂದು ತೊಲೆ ಜರುಗಿ ಕಾಯಿ ಎಲ್ಲ ನಡುಮನೆಗೆ ಉರುಳಿದ್ವು, ದೊಡ್ಡಮ್ಮ ಅಡುಗೆ ಮನೇಲಿದ್ರು ಅಂತ ಬಚಾವ್. ಕಂಪನಿಯವ್ರು ಬಂದು "ಸಹಾಯಧನ" ಅಂತ ಸ್ವಲ್ಪ ದುಡ್ಡು ಕೊಟ್ಟು ಫೋಟೋ ತೆಗೆಸ್ಕೊಂಡ್ರು. ಅದು ಪರಿಹಾರ. ಅದನ್ನ ಸಹಾಯ ಅಂತ ಬರೆದ ಕಾಗದಕ್ಕೆ ದೊಡ್ಡಪ್ಪ ಹೆಬ್ಬೆಟ್ಟು ಒತ್ತಿದ್ದು ನನಗೆ ಇವತ್ತಿಗೂ ಹೊಟ್ಟೆ ಉರಿಯತ್ತೆ.

ಹಂಗಾಗಿ ಒಂದು ಹಾಳೆ ತಗೊಂಡು ನಡುವೆ ಗೆರೆ ಎಳೀರಿ, ಒಂದು ಕಡೆ ಷರತ್ತು ಮತ್ತು ಪರಿಹಾರ, ಇನ್ನೊಂದು ಕಡೆ ಸಹಾಯ. ಹೋಲಿಸಿ ನೋಡೋದು ಎರಡನೇ ಕಡೆದನ್ನ ಮಾತ್ರ.

ದುಡ್ಡು ಯಾವ ಜೇಬಿಂದ ಬರತ್ತೆ

ಮೂರು ಜೇಬಿದೆ. ಒಂದು ಡಿಎಂಎಫ್, ಅಂದ್ರೆ ಜಿಲ್ಲಾ ಖನಿಜ ಪ್ರತಿಷ್ಠಾನ. 2015ರಲ್ಲಿ ಗಣಿ ಕಾಯ್ದೆಗೆ ತಿದ್ದುಪಡಿ ಆದಾಗ ಬಂದಿದ್ದು. ಕಬ್ಬಿಣದ ಅದಿರಿನಂಥ ದೊಡ್ಡ ಖನಿಜಕ್ಕೆ ಹರಾಜಲ್ಲಿ ತಗೊಂಡ ಲೀಸ್ ಆದ್ರೆ ರಾಯಲ್ಟಿ (ತೆಗೆದ ಖನಿಜಕ್ಕೆ ಸರ್ಕಾರಕ್ಕೆ ಕಟ್ಟೋ ದುಡ್ಡು) ಮೇಲೆ ಶೇ. 10, ಅದಕ್ಕೂ ಮುಂಚಿನ ಹಳೇ ಲೀಸ್ ಆದ್ರೆ ಶೇ. 30 ಕಟ್ಟಬೇಕು, ನಮ್ಮ ರಾಜ್ಯದಲ್ಲಿ ಕಟ್ಟಡ ಕಲ್ಲು ಕ್ವಾರಿಯವ್ರೂ ರಾಯಲ್ಟಿ ಜೊತೆ ಡಿಎಂಎಫ್ ಕಟ್ತಾರೆ. ಅಂದ್ರೆ ವರ್ಷಕ್ಕೆ 50 ಲಕ್ಷ ರಾಯಲ್ಟಿ ಕಟ್ಟೋ ಹಳೇ ಲೀಸಿಂದ ಶೇ. 30ರ ಲೆಕ್ಕದಲ್ಲಿ 15 ಲಕ್ಷ ಜಿಲ್ಲೆಯ ಫಂಡಿಗೆ ಬರತ್ತೆ. ಇದು ಕಂಪನಿ ಕೊಡೋ ದಾನ ಅಲ್ಲ, ಜಿಲ್ಲಾಡಳಿತದ ಹತ್ರ ಇರೋ ದುಡ್ಡು, ಗಣಿ ಬಾಧಿತ ಊರಿಗೇ ಅಂತ ಇರೋದು. ಕುಡಿಯೋ ನೀರು, ಆರೋಗ್ಯ, ಶಿಕ್ಷಣ, ಪರಿಸರ, ಕೌಶಲ್ಯ ತರಬೇತಿ ಇವಕ್ಕೆ ಆದ್ಯತೆ. 2024ರ ಪರಿಷ್ಕೃತ ಮಾರ್ಗಸೂಚಿ ಪ್ರಕಾರ ಗಣಿಯಿಂದ 15 ಕಿಲೋಮೀಟರ್ ಒಳಗಿದ್ರೆ ನೇರ ಬಾಧಿತ ಪ್ರದೇಶ, 25ರ ತನಕ ಪರೋಕ್ಷ. ನಿಮ್ಮ ಪಂಚಾಯ್ತಿ ಗ್ರಾಮ ಸಭೇಲಿ ನಿರ್ಣಯ ಮಾಡಿ ಕಳಿಸಿದ್ರೆ ಕೇಳೋಕೆ ದಾರಿ ಇದೆ, ಕಳಿಸದೇ ಇದ್ರೆ ಆ ದುಡ್ಡು ಜಿಲ್ಲೆಯ ಇನ್ನೊಂದು ಮೂಲೆಗೆ ಹೋಗತ್ತೆ ಅಷ್ಟೇ.

ಎರಡನೇದು ಸಿಎಸ್‌ಆರ್. 2013ರ ಕಂಪನಿ ಕಾಯ್ದೆ 135ನೇ ಸೆಕ್ಷನ್. ನಿವ್ವಳ ಮೌಲ್ಯ 500 ಕೋಟಿ, ಇಲ್ಲ ವಹಿವಾಟು 1000 ಕೋಟಿ, ಇಲ್ಲ ನಿವ್ವಳ ಲಾಭ 5 ಕೋಟಿ, ಈ ಮೂರರಲ್ಲಿ ಒಂದು ದಾಟಿದ್ರೆ ಹಿಂದಿನ ಮೂರು ವರ್ಷದ ಸರಾಸರಿ ಲಾಭದ ಶೇ. 2 ಖರ್ಚು ಮಾಡಬೇಕು, ಅದರಲ್ಲೂ ತಾವು ಕೆಲಸ ಮಾಡೋ ಜಾಗದ ಸುತ್ತಮುತ್ತಕ್ಕೆ ಮೊದಲ ಆದ್ಯತೆ. ಸರಾಸರಿ ಲಾಭ 6 ಕೋಟಿ ಇದ್ರೆ 12 ಲಕ್ಷ. ಆದರೆ ನಮ್ಮ ಜಿಲ್ಲೆಯ ಸಣ್ಣಪುಟ್ಟ ಕ್ವಾರಿ, ಕ್ರಷರ್‌ನವರು ಎಷ್ಟೋ ಜನ ಈ ಲೆಕ್ಕಕ್ಕೇ ಬರಲ್ಲ. "ಸಿಎಸ್‌ಆರ್ ಕೊಡಿ" ಅಂತ ಗಲಾಟೆ ಮಾಡಿ ಉಪಯೋಗ ಇಲ್ಲ, ಮೊದಲು ಅವರು ಅದಕ್ಕೆ ಬರ್ತಾರಾ ಕೇಳ್ಕೊಳ್ಳಿ.

ಮೂರನೇದು ಮಾಲೀಕರು ಖುಷಿಯಿಂದ ಕೊಡೋದು. ಇದಕ್ಕೆ ರೂಲ್ಸ್ ಇಲ್ಲ, ಆದ್ರೆ ಇದರಲ್ಲೇ ಒಂದು ದೊಡ್ಡ ಶಕ್ತಿ ಇದೆ, ಅವರ ಹತ್ರ ಇರೋ ಹಿಟಾಚಿ, ಟಿಪ್ಪರ್, ಡೀಸೆಲ್, ಮೆಕ್ಯಾನಿಕ್. ಅದು ಕೆರೆ ವಿಷಯಕ್ಕೆ ಬಂದಾಗ ಹೇಳ್ತೀನಿ.

ಆರ್‌ಓ ಪ್ಲಾಂಟಾ, ಕೆರೆ ಹೂಳೆತ್ತೋದಾ

ಇದು ಪ್ರತಿ ಊರಲ್ಲೂ ಬರೋ ಪ್ರಶ್ನೆ. ನಮ್ಮೂರಲ್ಲಿ ಎರಡೂ ಆಗಿದೆ, ಬೇರೆ ಬೇರೆ ವರ್ಷ, ಹಂಗಾಗಿ ಎರಡನ್ನೂ ಕಣ್ಣಾರೆ ನೋಡಿದೀನಿ.

ಆರ್‌ಓ ಘಟಕ ಮೊದಲು ಬಂತು. ನೀಲಿ ಶೆಡ್ಡು, ಮೇಲೆ ಕಂಪನಿ ಬೋರ್ಡು, 5 ರೂಪಾಯಿ ಕಾಯಿನ್ ಹಾಕಿದ್ರೆ 20 ಲೀಟರ್. ಹೆಂಗಸರಿಗೆ ತುಂಬಾ ಅನುಕೂಲ ಆಯ್ತು, ನಮ್ಮನೇಲೇ ಬೇಳೆ ಬೇಗ ಬೇಯೋಕೆ ಶುರುವಾಯ್ತು ಅಂತ ಅಮ್ಮ ಹೇಳ್ತಿದ್ರು. ಹದಿನಾಲ್ಕು ತಿಂಗಳು ಚೆನ್ನಾಗಿ ನಡೀತು. ಆಮೇಲೆ ಮೆಂಬ್ರೇನ್ (ನೀರು ಸೋಸೋ ಪೊರೆ) ಕಟ್ಕೊಂಡು ನೀರು ಸಣ್ಣದಾಗಿ ಬರೋದು, ಒಂದು ಕ್ಯಾನ್ ತುಂಬೋಕೆ ಹದಿನೈದು ನಿಮಿಷ, ಅದಾದ್ಮೇಲೆ ಕಾಯಿನ್ ಬಾಕ್ಸ್ ಕೆಟ್ಟೋಯ್ತು. ರಿಪೇರಿ ಯಾರು ಮಾಡ್ಬೇಕು? ಕಂಪನಿಯವ್ರು "ನಾವು ಹಾಕ್ಕೊಟ್ಟಿದೀವಿ" ಅಂದ್ರು, ಪಂಚಾಯ್ತಿಲಿ "ನಮ್ಮ ಹೆಸರಿಗೆ ಬಂದೇ ಇಲ್ಲ" ಅಂದ್ರು, ಕಾಯಿನ್ ದುಡ್ಡು ಅಷ್ಟು ದಿನ ಎಲ್ಲೋಯ್ತು ಅನ್ನೋದಕ್ಕೆ ಲೆಕ್ಕ ಬರೆದವರೇ ಇರಲಿಲ್ಲ. ಏಳು ತಿಂಗಳು ಬೀಗ ಬಿದ್ದಿತ್ತು.

ಬೀಗ ತೆಗೆಸಿದ್ದು ಸ್ತ್ರೀಶಕ್ತಿ ಸಂಘದವರು. ಅವರು ಒಂದು ಲೆಕ್ಕ ಹಾಕಿದ್ರು, 150 ಮನೆ ದಿನಕ್ಕೊಂದು ಕ್ಯಾನ್ ತಗೊಂಡ್ರೆ ದಿನಕ್ಕೆ 750 ರೂಪಾಯಿ, ತಿಂಗಳಿಗೆ 22,500. ಕರೆಂಟ್ ಬಿಲ್ಲು, ನೋಡ್ಕೊಳೋರ ಸಂಬಳ ಹೋಗಿ ಉಳಿದಿದ್ದನ್ನ ಬ್ಯಾಂಕಲ್ಲಿ ಇಟ್ರೆ ಎರಡು ಮೂರು ವರ್ಷಕ್ಕೊಂದ್ಸಲ ಮೆಂಬ್ರೇನ್ ಬದಲಾಯಿಸೋಕೆ ಸಾಕು. ಈಗ ಘಟಕ ಅವರ ಕೈಲಿದೆ, ಗೋಡೆ ಮೇಲೆ ಸೀಮೆಸುಣ್ಣದಲ್ಲಿ ಪ್ರತಿ ತಿಂಗಳ ಜಮಾ ಖರ್ಚು ಬರೀತಾರೆ, ಹೋಗಿ ನೋಡಿದ್ರೆ ಸಂತೋಷ ಆಗತ್ತೆ. ಮುಖ್ಯ ವಿಷಯ ಏನಂದ್ರೆ ಇದಕ್ಕೆ ಕಾನೂನಲ್ಲೇ ದಾರಿ ಇದೆ, ಸಿಎಸ್‌ಆರ್ ದುಡ್ಡಲ್ಲಿ ಮಾಡಿದ ಆಸ್ತಿಯನ್ನ ಕಂಪನಿ ತನ್ನ ಹೆಸರಲ್ಲಿ ಇಟ್ಕೊಳೋ ಹಾಗಿಲ್ಲ, ಫಲಾನುಭವಿಗಳ ಸ್ವಸಹಾಯ ಸಂಘಕ್ಕೋ, ಸರ್ಕಾರಿ ಪ್ರಾಧಿಕಾರಕ್ಕೋ, ನೋಂದಾಯಿತ ಟ್ರಸ್ಟಿಗೋ ಕೊಡಬೇಕು ಅಂತ 2021ರಿಂದ ರೂಲ್ಸ್ ಇದೆ. ನಾವು ಮೊದಲ ದಿನವೇ ಸಂಘದ ಹೆಸರಿಗೆ ಬರೆಸ್ಕೊಂಡಿದ್ರೆ ಆ ಏಳು ತಿಂಗಳು ಉಳೀತಿತ್ತು.

ಇನ್ನು ಕೆರೆ. ನಮ್ಮೂರ ಕೆರೇಲಿ ಹೂಳು ತುಂಬಿ ಮಳೆಗಾಲದಲ್ಲೂ ಮೊಣಕಾಲುದ್ದ ನೀರು. ಕಂಪನಿಯವ್ರು ಬೇಸಿಗೇಲಿ ಎರಡು ಹಿಟಾಚಿ, ಆರು ಟಿಪ್ಪರ್ ಇಪ್ಪತ್ತು ದಿನ ಬಿಟ್ರು, ರೈತರು ತಮ್ಮ ಟ್ರ್ಯಾಕ್ಟರ್ ತಂದು ಆ ಗೋಡು ಮಣ್ಣನ್ನ ಹೊಲಕ್ಕೆ, ತೆಂಗಿನ ತೋಟಕ್ಕೆ ಹೊಡ್ಕೊಂಡ್ರು. ಲೆಕ್ಕ ಸುಲಭ, ಒಂದು ಘನ ಮೀಟರ್ ಹೂಳು ತೆಗೆದ್ರೆ 1000 ಲೀಟರ್ ನೀರಿಗೆ ಜಾಗ. ಲೋಡಿಗೆ 10 ಘನ ಮೀಟರ್ ಅಂತ ಹಿಡಿದ್ರೂ 2000 ಲೋಡಿಗೆ 2 ಕೋಟಿ ಲೀಟರ್. ಹೊರಗಿಂದ ಮಿಷನ್ ಬಾಡಿಗೆಗೆ ತಂದಿದ್ರೆ ನಮ್ಮ ಕೈಲಿ ಆಗ್ತಿರಲಿಲ್ಲ, ಕಂಪನಿಗೆ ಮಿಷನ್ ಮನೇದೇ, ಡೀಸೆಲ್ಲು, ಡ್ರೈವರ್ ಭತ್ಯೆ ಅಷ್ಟೇ ಖರ್ಚು. ಕ್ವಾರಿ ಕಂಪನಿ ತನ್ನ ಕೈಲಿರೋದ್ರಲ್ಲೇ ಊರಿಗೆ ಮಾಡಬಹುದಾದ ಅತೀ ದೊಡ್ಡ ಕೆಲಸ ಇದು ಅಂತ ನನ್ನ ಅಭಿಪ್ರಾಯ, ಮತ್ತೆ ಇದಕ್ಕೆ ತಿಂಗಳ ಬಿಲ್ ಬರಲ್ಲ, ಕಾಯಿನ್ ಬಾಕ್ಸ್ ಕೆಡಲ್ಲ.

ಆದ್ರೆ ಕೆರೇನ ಕ್ವಾರಿ ಅಗೆದಂಗೆ ಅಗೀಬಾರದು. ಹಿಟಾಚಿ ಡ್ರೈವರ್‌ಗೆ ಆಳ ತೋಡೋದೇ ಅಭ್ಯಾಸ, ನಮ್ಮಲ್ಲೂ ಒಂದು ಕಡೆ ಜೇಡಿ ಪದರ ದಾಟಿ ಗರಸು ಬರೋ ತನಕ ತೋಡ್ಬಿಟ್ಟ, ಆ ಮೂಲೇಲಿ ನೀರು ನಿಲ್ಲಲ್ಲ. ಗುಂಡಿ ಮಾಡದೇ ಸಮನಾಗಿ ತೆಗೀಬೇಕು, ಏರಿ ಬುಡಕ್ಕೆ ಕೈ ಹಾಕಬಾರದು, ತೂಬು ಕೋಡಿ ನೋಡ್ಕೋಬೇಕು, ಇದೆಲ್ಲಕ್ಕಿಂತ ಮೊದಲು ಕೆರೆಗೆ ನೀರು ಬರೋ ಹಳ್ಳ ಕ್ಲೀನ್ ಇದ್ಯಾ ನೋಡ್ಬೇಕು, ಹಳ್ಳದಲ್ಲಿ ಕ್ರಷರ್ ಪುಡಿ ತುಂಬಿದ್ರೆ ಮೂರು ಮಳೆಗೆ ಮತ್ತೆ ಅದೇ ಹೂಳು. ಪರ್ಮಿಷನ್ ಬೇಕು, ಅಚ್ಚುಕಟ್ಟು (ಕೆರೆ ನೀರುಣ್ಣೋ ಜಮೀನು) 40 ಹೆಕ್ಟೇರ್ ಒಳಗಿನ ಕೆರೆ ಆದ್ರೆ ಪಂಚಾಯತ್ ರಾಜ್ ಕಡೆ, ಅದಕ್ಕಿಂತ ದೊಡ್ಡದಾದ್ರೆ ಸಣ್ಣ ನೀರಾವರಿ. ನಮ್ಮ ಹಿರಿಯರಲ್ಲಿ ಒಬ್ರು ಹಳೇ ನೀರುಗಂಟಿ, ಅಂದ್ರೆ ಕೆರೆ ನೀರು ಬಿಡೋ ಕೆಲಸ ಮಾಡ್ತಿದ್ದವರು ಇದ್ರು, ಅವರನ್ನ ದಿನಾ ಕೆರೆ ಅಂಗಳದಲ್ಲಿ ಕುರ್ಚಿ ಹಾಕಿ ಕೂರಿಸಿದ್ವಿ, ಅವರು ಸಾಕು ಅಂದ ಕಡೆ ಮಿಷನ್ ನಿಲ್ಲಿಸ್ತಿದ್ವಿ. ಇಂಜಿನಿಯರ್ ಬಂದು ನೋಡಿ ಅವರು ಹೇಳಿದ್ದೇ ಸರಿ ಅಂದ್ರು.

ಹಂಗಾದ್ರೆ ಯಾವುದು? ಮೊದಲು ಬೋರ್‌ವೆಲ್ ನೀರು ಟೆಸ್ಟ್ ಮಾಡಿಸಿ, ಅದರ ಮೇಲೆ ನಿರ್ಧಾರ. ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ದಾಟಿದ್ರೆ, ನೈಟ್ರೇಟ್ 45 ದಾಟಿದ್ರೆ ಬೇರೆ ಮಾತೇ ಇಲ್ಲ, ಆರ್‌ಓ ಮೊದಲು, ಯಾಕಂದ್ರೆ ಫ್ಲೋರೈಡ್ ಕಾಯಿಸಿದ್ರೆ ಹೋಗಲ್ಲ, ಮಕ್ಕಳ ಹಲ್ಲು ಮೂಳೆ ಕೆರೆ ತುಂಬೋ ತನಕ ಕಾಯಲ್ಲ. ನೈಟ್ರೇಟ್ ಗೊಬ್ಬರದಿಂದಲೂ ಬರತ್ತೆ, ಬ್ಲಾಸ್ಟಿಂಗ್ ಮದ್ದಿಂದಲೂ ಬರತ್ತೆ, ಅದಕ್ಕೆ ಕ್ವಾರಿ ಶುರುವಾಗೋಕೆ ಮುಂಚೆನೇ ಒಂದ್ಸಲ ಟೆಸ್ಟ್ ಮಾಡಿಸಿ ರಿಪೋರ್ಟ್ ಇಟ್ಕೊಳ್ಳಿ, ಹೊಸ ಲೀಸ್ ಬರ್ತಿರೋ ಊರಿನವರಿಗೆ ಇದು ನನ್ನ ಕೈ ಮುಗಿದ ವಿನಂತಿ. ನುಗ್ಗೇಹಳ್ಳಿ, ಭೈರಾಪುರದ ಕಡೆ ಕ್ರೋಮೈಟ್ ಇರೋ ನೆಲದಲ್ಲಾದ್ರೆ ಕ್ರೋಮಿಯಂ ಕೂಡ ಸೇರಿಸಿ ಟೆಸ್ಟ್ ಮಾಡಿಸಿ, ಅದರ ಮಿತಿ ಲೀಟರಿಗೆ 0.05 ಮಿಲಿಗ್ರಾಂ, ಕಣ್ಣಿಗೆ ರುಚಿಗೆ ಗೊತ್ತಾಗಲ್ಲ. ನೀರು ಕುಡಿಯೋಕೆ ಸರಿ ಇದೆ, ಆದ್ರೆ ಬೋರು ಒಣಗ್ತಿದೆ ಅಂದ್ರೆ ಕೆರೆ ಕೇಳಿ, ಕಣ್ಣು ಮುಚ್ಕೊಂಡು ಕೇಳಿ.

ದೇವಸ್ಥಾನ, ಜಾತ್ರೆ, ಕಪ್ ಕ್ರಿಕೆಟ್ಟು

ಕೊಟ್ರೆ ತಗೊಳ್ಳಿ, ದೇವರ ಕೆಲಸಕ್ಕೆ ಬೇಡ ಅನ್ನೋಕಾಗಲ್ಲ. ಆದ್ರೆ ಅದನ್ನ ಊರಿನ ಪಾಲು ಅಂತ ಲೆಕ್ಕ ಹಿಡಿಯೋಕೆ ಬಿಡಬೇಡಿ.

ರೋಡು

ಇದರಲ್ಲಿ ನನಗೆ ಗಟ್ಟಿ ಅಭಿಪ್ರಾಯ ಇದೆ. ಹತ್ತು ಚಕ್ರದ ಟಿಪ್ಪರ್ ಲೋಡ್ ಸಮೇತ 28.5 ಟನ್ ತನಕ ಕಾನೂನೇ ಬಿಡತ್ತೆ, ಓವರ್‌ಲೋಡ್ ಆದ್ರೆ ಅದಕ್ಕೂ ಮೇಲೆ. ನಮ್ಮೂರ ರೋಡು ಎತ್ತಿನಗಾಡಿ, ಟ್ರ್ಯಾಕ್ಟರ್, ಹಾಲಿನ ವ್ಯಾನಿಗೆ ಅಂತ ಮಾಡಿದ್ದು. ಕಂಪನಿ ರೋಡ್ ಮಾಡ್ಕೊಟ್ರೆ ಅದನ್ನ ಮೊದಲು ಉಪಯೋಗಿಸೋರು ಕಂಪನಿಯವ್ರೇ, ಹಾಳು ಮಾಡೋರೂ ಅವರೇ, ಹಂಗಾಗಿ ಊರಿನ ರೋಡ್ ರಿಪೇರಿ ಗೆರೆಯ ಮೊದಲನೇ ಕಡೆಗೆ ಹೋಗ್ಬೇಕು, ಸಹಾಯದ ಕಡೆಗಲ್ಲ. ಕೇಳೋದಾದ್ರೆ ಊರ ಹೊರಗಿಂದ ಬೇರೆ ದಾರಿ ಕೇಳಿ, ಸ್ಕೂಲ್ ಶುರುವಾಗೋ, ಬಿಡೋ ಟೈಮಲ್ಲಿ, ಬೆಳಿಗ್ಗೆ ಒಂಬತ್ತರಿಂದ ಹತ್ತು, ಸಾಯಂಕಾಲ ನಾಲ್ಕರಿಂದ ಐದು, ಟಿಪ್ಪರ್ ಓಡಬಾರದು ಅಂತ ಬರೆಸ್ಕೊಳ್ಳಿ. ಇದಕ್ಕೆ ಒಂದು ಪೈಸೆ ಖರ್ಚಿಲ್ಲ, ನಮ್ಮೂರಲ್ಲಿ ಮೂರು ವರ್ಷದಿಂದ ನಡೀತಿದೆ, ತಾಯಂದಿರಿಗೆ ಇದಕ್ಕಿಂತ ದೊಡ್ಡ ಸಹಾಯ ಯಾವುದೂ ಅನ್ಸಿಲ್ಲ.

ಆರೋಗ್ಯ ಶಿಬಿರಾನಾ, ವರ್ಷವರ್ಷ ತಪಾಸಣೆನಾ

ಶಿಬಿರ ಅಂದ್ರೆ ಒಂದು ದಿನ ಶಾಮಿಯಾನ, ಬಿಪಿ ಶುಗರ್ ನೋಡಿ ಮಾತ್ರೆ ಕೊಟ್ಟು ಹೋಗ್ತಾರೆ. ಬಿಪಿ ಇದೆ ಅಂತ ಅವತ್ತೇ ಗೊತ್ತಾದವರೂ ಇದಾರೆ, ಬೇಡ ಅನ್ನಲ್ಲ. ಆದ್ರೆ ಕಲ್ಲು ಪುಡಿ ಇರೋ ಊರಿನ ನಿಜವಾದ ಭಯ ಸಿಲಿಕೋಸಿಸ್. ಕಲ್ಲಿನ ಸಣ್ಣ ಧೂಳು ಶ್ವಾಸಕೋಶದಲ್ಲಿ ಕೂತು ವರ್ಷಗಟ್ಟಲೆ ಆದ್ಮೇಲೆ ಕೆಮ್ಮು, ಏದುಸಿರು, ಒಂದ್ಸಲ ಬಂದ್ರೆ ವಾಸಿ ಆಗಲ್ಲ, ಟಿಬಿ ಬರೋ ಸಾಧ್ಯತೆನೂ ಜಾಸ್ತಿ. ಕ್ರಷರಲ್ಲಿ ಕೆಲಸ ಮಾಡೋ ಹುಡುಗ್ರು ಬಾಯಿಗೆ ಟವೆಲ್ ಕಟ್ಕೊಂಡಿರ್ತಾರೆ, ಆ ಧೂಳಿಗೆ ಟವೆಲ್ ಲೆಕ್ಕಕ್ಕೇ ಇಲ್ಲ. ಕೆಲಸಗಾರರ ತಪಾಸಣೆ ಕಂಪನಿ ಜವಾಬ್ದಾರಿನೇ, ಅದನ್ನ ಬಿಟ್ಟು ಕ್ರಷರ್ ಪಕ್ಕದ ಮನೆಗಳವರಿಗೂ, ಹಿಂದೆ ಕೆಲಸ ಮಾಡಿ ಬಿಟ್ಟವರಿಗೂ ವರ್ಷಕ್ಕೊಂದ್ಸಲ ಎದೆ ಎಕ್ಸ್‌ರೇ, ಉಸಿರಾಟದ ಟೆಸ್ಟು, ಹಾಸನದ ಹಿಮ್ಸ್ ಆಸ್ಪತ್ರೆಗೆ ಹೋಗಿ ಬರೋಕೆ ಗಾಡಿ, ಫೈಲು ಅವರವರ ಮನೇಲೇ ಇರೋ ಹಾಗೆ, ಇದನ್ನ ಕೇಳಿ. ಶಿಬಿರಕ್ಕಿಂತ ಇದು ನೂರು ಪಾಲು ಮೇಲು.

ಸ್ಕೂಲು

ಬಣ್ಣ ಹೊಡೆಯೋದು, ಬ್ಯಾಗ್ ಹಂಚೋದು ಸುಲಭ, ಫೋಟೋ ಚೆನ್ನಾಗಿ ಬರತ್ತೆ. ನಾನು ಎಸ್‌ಡಿಎಂಸಿಲಿ ಕೂತು ಹೇಳ್ತೀನಿ, ನಮಗೆ ಬೇಕಿರೋದು ಎರಡೇ. ಕಿಟಕಿಗೆ ಧೂಳು ಬರದಂಗೆ ಗಾಜು, ಮತ್ತೆ ಹತ್ತನೇ ಕ್ಲಾಸ್ ಮುಗಿಸಿ ಹಾಸನಕ್ಕೋ ಅರಸೀಕೆರೆಗೋ ಪಿಯುಸಿ, ಐಟಿಐಗೆ ಹೋಗೋ ಮಕ್ಕಳಿಗೆ, ಅದರಲ್ಲೂ ಹೆಣ್ಮಕ್ಕಳಿಗೆ ಹಾಸ್ಟೆಲ್ ಫೀಸು. ನಮ್ಮೂರಲ್ಲಿ ಬಸ್ ಇಲ್ಲದ ಒಂದೇ ಕಾರಣಕ್ಕೆ ಓದು ಬಿಟ್ಟ ಹುಡುಗಿ ಈಗ ಅದೇ ಕ್ರಷರಲ್ಲಿ ಪುಡಿ ಗುಡಿಸ್ತಾಳೆ, ಅವಳಿಗೆ ಗಣಿತದಲ್ಲಿ 94 ಬಂದಿತ್ತು.

ಕೆಲಸ

"ಸ್ಥಳೀಯರಿಗೆ ಕೆಲಸ" ಅಂತ ಎಲ್ರೂ ಹೇಳ್ತಾರೆ, ಯಾವ ಕೆಲಸ ಅಂತ ಕೇಳಲ್ಲ. ಕೊನೆಗೆ ಸಿಗೋದು ವಾಚ್‌ಮ್ಯಾನ್, ಬಾವುಟ ಹಿಡ್ಕೊಂಡು ನಿಲ್ಲೋದು. ನೀವು ಕೇಳಬೇಕಾಗಿರೋದು ತರಬೇತಿ: ಮಿಷನ್ ಆಪರೇಟರ್, ಹೆವಿ ಲೈಸೆನ್ಸ್, ಡೀಸೆಲ್ ಮೆಕ್ಯಾನಿಕ್, ಗಣಿ ಸುರಕ್ಷತಾ ಇಲಾಖೆ ಕೊಡೋ ಮೈನಿಂಗ್ ಮೇಟ್ (ಗಣಿ ಕೆಲಸದ ಮೇಲ್ವಿಚಾರಕ), ಬ್ಲಾಸ್ಟರ್ (ಮದ್ದು ಸಿಡಿಸೋನು) ಸರ್ಟಿಫಿಕೇಟ್. ಈ ಸರ್ಟಿಫಿಕೇಟ್ ಇದ್ರೆ ಈ ಕ್ವಾರಿ ಮುಚ್ಚಿದ್ರೂ ಇನ್ನೊಂದು ಕಡೆ ಕೆಲಸ ಸಿಗತ್ತೆ.

ಮುಚ್ಚೋ ಮಾತು ಬಂತಲ್ಲ, ಪಕ್ಕದ ಚಿಕ್ಕಮಗಳೂರು ಜಿಲ್ಲೆಯ ಕುದುರೆಮುಖ ನೋಡಿ. 1976ರಲ್ಲಿ ಶುರುವಾದ ಸರ್ಕಾರಿ ಕಂಪನಿ, ಕಬ್ಬಿಣದ ಅದಿರನ್ನ ಪೈಪಲ್ಲಿ ಮಂಗಳೂರಿಗೆ ಕಳಿಸ್ತಿದ್ರು, ಕಾಡಿನ ಮಧ್ಯೆ ಆಸ್ಪತ್ರೆ, ಸ್ಕೂಲು, ಕ್ವಾರ್ಟರ್ಸು ಎಲ್ಲ ಇದ್ದ ಟೌನ್‌ಶಿಪ್. ಸುಪ್ರೀಂ ಕೋರ್ಟ್ 2002ರಲ್ಲಿ ಕೊಟ್ಟ ತೀರ್ಪಿನ ಪ್ರಕಾರ 2005ರ ಡಿಸೆಂಬರ್ 31ಕ್ಕೆ ಗಣಿ ನಿಲ್ತು, ಭದ್ರೆ ಹುಟ್ಟೋ ಕಾಡಿಗೆ ಅದು ಒಳ್ಳೇದೇ ಆಯ್ತು ಅಂತ ನನ್ನ ಅಭಿಪ್ರಾಯ, ಆದ್ರೆ ಟೌನ್‌ಶಿಪ್ ಖಾಲಿ ಆಯ್ತು. ನಾನು ಹೊರನಾಡಿಗೆ ಹೋದಾಗ ಆ ಕಡೆಯಿಂದ ಬಂದೆ, ಸಾಲು ಕ್ವಾರ್ಟರ್ಸು, ಬಾಗಿಲ ಮೇಲೆ ಬಳ್ಳಿ. ಕಂಪನಿ ನಡೆಸಿದ್ದೆಲ್ಲ ಕಂಪನಿ ಜೊತೆನೇ ಹೋಗತ್ತೆ. ಆಂಬುಲೆನ್ಸ್ ಬೇಕಾ, ಹೂಳು ತೆಗೆದ ಕೆರೆ ಬೇಕಾ, ಬ್ಲಾಸ್ಟರ್ ಸರ್ಟಿಫಿಕೇಟ್ ಬೇಕಾ ಅಂತ ಹೋಲಿಸೋವಾಗ ನಾನು ಈಗ ಕೇಳೋ ಮೊದಲ ಪ್ರಶ್ನೆ, ಗೇಟಿಗೆ ಬೀಗ ಬಿದ್ದ ಮಾರನೇ ದಿನ ಇದರಲ್ಲಿ ಯಾವುದು ಊರಲ್ಲಿರತ್ತೆ.

ಬರೆಸ್ಕೊಳ್ಳೋದು

ಬಾಯಿ ಮಾತು ಬೇಡ. ಗ್ರಾಮ ಸಭೆ ಕರೆದು, ಕ್ವಾರಿ ಪಕ್ಕದ ಮನೆಯವರನ್ನ, ಹೆಂಗಸರನ್ನ, ಕಾಲೋನಿಯವರನ್ನ ಮೊದಲು ಮಾತಾಡಿಸಿ, ಯಾಕಂದ್ರೆ ಧೂಳು ಜಾಸ್ತಿ ತಿನ್ನೋರು ಅವರೇ, ಮೀಟಿಂಗಲ್ಲಿ ಹಿಂದೆ ನಿಲ್ಲೋರೂ ಅವರೇ. ನಿರ್ಣಯ ಪಿಡಿಒ (ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ) ಕೈಲಿ ಬರೆಸಿ. ಒಪ್ಪಂದದಲ್ಲಿ ಏನು ಮಾಡ್ತಾರೆ, ಯಾವ ತಿಂಗಳೊಳಗೆ, ಯಾರ ಹೆಸರಿಗೆ, ಕೆಟ್ರೆ ರಿಪೇರಿ ಯಾರು, ಎಷ್ಟು ವರ್ಷ, ಇಷ್ಟು ಇರಲೇಬೇಕು. ಸಿಎಸ್‌ಆರಲ್ಲಿ ಒಂದು ಪ್ರಾಜೆಕ್ಟ್ ಶುರುವಾದ ವರ್ಷ ಬಿಟ್ಟು ಇನ್ನೂ ಮೂರು ವರ್ಷ ನಡೆಸಬಹುದು, ಹಂಗಾಗಿ "ಒಂದೇ ವರ್ಷಕ್ಕೆ ಮಾತ್ರ ಆಗತ್ತೆ" ಅಂದ್ರೆ ಒಪ್ಕೋಬೇಡಿ.

ಇನ್ನೊಂದು, ಪರಿಸರ ಅನುಮತಿ ಇರೋ ಗಣಿಯವ್ರು ಷರತ್ತು ಎಷ್ಟು ಪಾಲಿಸಿದೀವಿ ಅಂತ ವರ್ಷಕ್ಕೆರಡು ಸಲ, ಜೂನ್ 1ಕ್ಕೆ ಮತ್ತೆ ಡಿಸೆಂಬರ್ 1ಕ್ಕೆ ರಿಪೋರ್ಟ್ ಕೊಡ್ಬೇಕು. ಅದರ ಪ್ರತಿ ಪಂಚಾಯ್ತಿಗೆ ಕೊಡಿ ಅಂತ ಕೇಳಿ, ಗ್ರಾಮ ಸಭೇಲಿ ಜೋರಾಗಿ ಓದ್ಸಿ. ನಮ್ಮಲ್ಲಿ ಹೋದ ಡಿಸೆಂಬರ್ ರಿಪೋರ್ಟಲ್ಲಿ "400 ಗಿಡ ನೆಟ್ಟಿದೆ" ಅಂತಿತ್ತು, ಹತ್ತನೇ ಕ್ಲಾಸ್ ಮಕ್ಕಳು ಮೇಷ್ಟ್ರ ಜೊತೆ ಹೋಗಿ ಎಣಿಸ್ಕೊಂಡು ಬಂದ್ರು, 63 ಬದುಕಿದ್ವು. ಆ ಸಂಖ್ಯೆನ ಕಂಪನಿ ಮ್ಯಾನೇಜರ್ ಎದುರಿಗೇ ಹೇಳಿದ್ವಿ, ಅವರೂ ಹೋಗಿ ನೋಡಿ ಬಂದ್ರು. ಈ ಸಲ ಮುಂಗಾರಿಗೆ ಹೊಂಗೆ, ಬೇವಿನ ಸಸಿ ಮತ್ತೆ ನೆಡ್ತಿದಾರೆ, ನೀರು ಹಾಕೋ ಕೆಲಸ ಸ್ತ್ರೀಶಕ್ತಿ ಸಂಘಕ್ಕೆ, ಬದುಕಿದ ಗಿಡ ಎಣಿಸಿ ದುಡ್ಡು ಕೊಡೋದು ಅಂತ ಮಾತಾಗಿದೆ.